ಮಾಸ್ತರರ ಮಗನ ಹಲಗಿ

ಸಿಂದಗಿ
೯ ಜುಲೈ ೧೯೯೫

ಪ್ರೇಮಕುಮಾರನಿಗೆ ಅಪ್ಪನ ಜೈಭೀಮ.

ನಾವು ಆರಾಮ ಇದ್ದೇವೆ. ನೀನು ಹೇಗಿದ್ದೀ ಎಂದು ನಿನ್ನನ್ನು ಕೇಳಬೇಕಾಗಿಲ್ಲ, ಊರೇ ಹೇಳುತ್ತಿದೆ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೆ? ಮುಂಬೈಯಿಂದ ರಜೆಗೆ ಬಂದ ಅಬ್ದುಲರಜಾಕ ನಿನ್ನೆ ಬಸ್‌ಸ್ಟ್ಯಾಂಡಿನಲ್ಲಿ ಮಂದಿಯ ಎದುರಿಗೇ, "ಮಾಸ್ತರ, ನಿಮ್ಮ ಪ್ರೇಮ್ಯಾ ಮೂರನೇ ಮಜಲಿಂದ ಜಿಗೀತಾನ್ರಿ. ಖರೇನ ಹೇಳ್ತೇನಿ, ಕಣ್ಣಾರೆ ನೋಡೇನಿ" ಎಂದ. ಸುತ್ತಲಿದ್ದವರು ನಕ್ಕರು. ನಾನೂ ನಕ್ಕೆ, ಏನು ಮಾಡಲಿ?

ನಿನ್ನನ್ನು ಅಲ್ಲಿಗೆ ಕಳಿಸಿದ್ದು ಐಟಿಐ ಕಲಿಯಲಿಕ್ಕೆ. ಕರೆಂಟಿನ ಕೆಲಸ ಕಲಿತು ಒಂದು ಸರಕಾರಿ ನೌಕರಿ ಹಿಡಿಯಲಿಕ್ಕೆ. ಬಿದ್ದವರು ಏಳಬೇಕು ಎಂದು ಸಾಲಿಯಲ್ಲಿ ದಿನಾ ಪಾಠ ಹೇಳುವವನು ನಾನು. ನನ್ನ ಮಗ ನೋಡಿದರೆ ಬೀಳುವುದನ್ನೇ ಉದ್ಯೋಗ ಮಾಡಿಕೊಂಡಿದ್ದಾನೆ! ನಿನ್ನ ಅವ್ವನಿಗೆ ಇನ್ನೂ ಹೇಳಿಲ್ಲ. ಹೇಳಬೇಕೋ ಬೇಡವೋ ನೀನೇ ಬರಿ.

ನಿನ್ನ ಅಪ್ಪ,
ಭೀಮಶ್ಯಾ


ಮುಂಬೈ
೨ ಆಗಸ್ಟ್ ೧೯೯೫

ಅಪ್ಪನವರಿಗೆ ಜೈಭೀಮ.

ಅಬ್ದುಲರಜಾಕ ಹೇಳಿದ್ದು ಸುಳ್ಳಲ್ಲ. ಐಟಿಐ ಬಿಟ್ಟೆ. ಸಿನಿಮಾದಲ್ಲಿ ಹೀರೋ ಕಿಟಕಿ ಒಡೆದುಕೊಂಡು ಹೊರಗೆ ಹಾರುತ್ತಾನಲ್ಲ, ಆತ ಹಾರುವುದಿಲ್ಲ. ಅವನ ಅಂಗಿ ತೊಟ್ಟು ನಾನು ಹಾರುತ್ತೇನೆ. ಕೆಳಗೆ ಖಾಲಿ ರಟ್ಟಿನ ಡಬ್ಬಿಗಳನ್ನು ಒಟ್ಟಿ, ಮೇಲೆ ಗಾದಿ ಹಾಸಿರುತ್ತಾರೆ. ಬೆನ್ನು ಕೊಟ್ಟು ಬೀಳಬೇಕು, ಅಷ್ಟೇ ವಿದ್ಯೆ. ಮೈಗೆ ಬೆಂಕಿ ಹಚ್ಚಿಕೊಂಡು ಓಡುವುದನ್ನೂ ಕಲಿಯುತ್ತಿದ್ದೇನೆ. ಇದನ್ನು ಅವ್ವನಿಗೆ ಹೇಳಬೇಡಿ.

ಒಂದು ಮಾತು ಅಪ್ಪ. ಸೊಲ್ಲಾಪುರದ ಕಾಲೇಜಿನಲ್ಲಿ ಒಂದು ವರ್ಷ ಓದಿದೆನಲ್ಲ, ಅಲ್ಲಿ ಮೊದಲ ದಿನವೇ ಅಡ್ಡಹೆಸರು ಕೇಳಿದರು. ಅಡ್ಡಹೆಸರಿಲ್ಲ ಅಂದರೆ ಓಣಿ ಯಾವುದು ಎಂದು ಕೇಳಿದರು. ಇಲ್ಲಿ ಕೇಳುವುದು ಒಂದೇ, "ಜಿಗೀತೀಯಾ?" ಜಿಗೀತೇನಿ ಅಂದೆ. ಮುಗಿಯಿತು. ನನಗೆ ಇದು ಹಿಡಿಸಿದೆ.

ನಿಮ್ಮ ಮಗ,
ಪ್ರೇಮ್ಯಾ


ಸಿಂದಗಿ
೨೩ ಫೆಬ್ರವರಿ ೧೯೯೭

ಪ್ರೇಮಕುಮಾರನಿಗೆ ಜೈಭೀಮ.

ನಿನ್ನ ಸಿನಿಮಾ ಇಲ್ಲಿಗೆ ಬಂತು. ನಿನ್ನ ಅವ್ವನೂ ನಿನ್ನ ತಂಗಿ ಶಿವಾನಿಯೂ ನನ್ನನ್ನು ಎಳೆದುಕೊಂಡು ಹೋದರು. ಹೀರೋ ಉರಿಯುವ ಲಾರಿಯ ಮೇಲಿಂದ ಹಾರಿದ ಕೂಡಲೇ ನಿನ್ನ ಅವ್ವ ಹುಲಿಗೆವ್ವ ಎದ್ದು ನಿಂತು, "ಅಯ್ಯ ನನ್ನಪ್ಪಾ! ಅದು ನಮ್ಮ ಪ್ರೇಮ್ಯಾನ ಬೆನ್ನು!" ಎಂದು ಕೂಗಿದಳು. ಹಿಂದಿನವರು "ಕುಂಡ್ರ ಬೇ ಯವ್ವಾ" ಎಂದರು. ಕೂತಳೇ? ಆಮೇಲೆ ಆ ಹೀರೋ ನಾಯಕಿಯ ಜೊತೆ ಕುಣಿಯುವಾಗಲೂ ಈಕೆಗೆ ಅವನ ಬೆನ್ನೇ ಬೇಕು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ, ಇವಳಿಗೆ ಹೆಗ್ಗಣದ ಬೆನ್ನೂ ಮುದ್ದು. ನಾನು ಅಳಲಿಲ್ಲ. ಸಿನಿಮಾದ ಹೊಗೆಗೆ ಕಣ್ಣಲ್ಲಿ ನೀರು ಬರುವುದಿಲ್ಲ ಎಂದು ಶಿವಾನಿ ಹೇಳುತ್ತಾಳೆ, ಅದನ್ನು ನಂಬಬೇಡ.

ಇನ್ನು ನೀನು ಕಳಿಸಿದ ಫೋಟೋದ ವಿಷಯ. ನಾಲ್ಕು ಜನ ನಿಂತಿದ್ದೀರಿ. ನಿನ್ನ ಪ್ಯಾಂಟು ಎರಡೂ ಮೊಣಕಾಲಲ್ಲಿ ಹರಿದಿದೆ, ಅಂಗಿಗೆ ಪಿನ್ನು ಚುಚ್ಚಿದ್ದೀ, ತಲೆ ಜಗಳಕ್ಕೆ ನಿಂತ ಹುಂಜದ ತಲೆ. ಬಟ್ಟೆಗೆ ಗತಿಯಿಲ್ಲವೇ? ನಮ್ಮ ಅಪ್ಪ ಹರಿದ ಅಂಗಿಯಲ್ಲೇ ಸತ್ತ. ಅದಕ್ಕೇ ನಾನು ಮೊದಲ ಪಗಾರದಲ್ಲಿ ಇಸ್ತ್ರಿಪೆಟ್ಟಿಗೆ ಕೊಂಡೆ, ಮಡಕೆ ಕೊಡ ಆಮೇಲೆ. ಬಾಬಾಸಾಹೇಬರು ಕೋಟು ಹಾಕಿದ್ದು ಚಳಿಗಲ್ಲ. ದರ್ಜಿ ಶಮಶುದ್ದೀನ ಫೋಟೋ ನೋಡಿ ಬಹಳ ನೊಂದ. "ಅಳತಿ ಕಳಸಾಕ ಹೇಳ್ರಿ ಮಾಸ್ತರ, ನಾ ಹೊಲದು ಕಳಸ್ತೇನಿ" ಎಂದ. ಅಳತೆ ಕಳಿಸು.

ನಿನ್ನ ಅಪ್ಪ


ಮುಂಬೈ
೧೬ ಮಾರ್ಚ್ ೧೯೯೭

ಅಪ್ಪನವರಿಗೆ ಜೈಭೀಮ.

ಅವ್ವ ಬೆನ್ನು ಗುರುತು ಹಿಡಿದದ್ದನ್ನು ಓದಿ ಜೊತೆಯ ಹುಡುಗರಿಗೆಲ್ಲ ಓದಿ ಹೇಳಿದೆ. ಇಲ್ಲಿ ಯಾರಿಗೂ ಅಂಥ ಅವ್ವ ಇಲ್ಲ.

ಶಮಶುದ್ದೀನ ಕಾಕಾನಿಗೆ ಹೇಳಿ, ಬಟ್ಟೆ ಇದೆ, ಬೇಕೆಂದೇ ಹರಿದುಕೊಂಡದ್ದು. ಫೋಟೋದಲ್ಲಿರುವವರು ನಮ್ಮ ಬ್ಯಾಂಡಿನವರು. ಬ್ಯಾಂಡಿನ ಹೆಸರು ಠಿಗಳ, ನಾವು ತೇಪೆಗೆ ಅನ್ನುವ ಮಾತೇ. ನಾವು ಹಾಡುವುದಕ್ಕೆ ಪಂಕ್ ಎನ್ನುತ್ತಾರೆ. ಗಿಟಾರಿನಲ್ಲಿ ಮೂರು ಸ್ವರ ಬಂದರೆ ಸಾಕು. ಕಲಿತವರ ಸಂಗೀತ ಅಲ್ಲ ಅಪ್ಪ, ಸಿಟ್ಟು ಬಂದವರ ಸಂಗೀತ. ಹರಿದ ಬಟ್ಟೆ ನೋಡಿ ಮೂಗು ಮುರಿಯುವವರ ಎದುರಿಗೆ ಹರಿದ ಬಟ್ಟೆಯಲ್ಲೇ ನಿಂತು ಕೂಗುವುದು. ಶೂಟಿಂಗ್ ಇಲ್ಲದ ದಿನ ಅಲ್ಲಿ ಇಲ್ಲಿ ಹಾಡುತ್ತೇವೆ.

ನಮ್ಮಲ್ಲಿ ಡ್ರಮ್ ಬಾರಿಸುತ್ತಿದ್ದವನು ಬಿಟ್ಟು ಹೋದ. ನಾನು ಇಂಡಿಗೆ ಹೋಗಿ ಗುರಪ್ಪ ಮಾವನ ಹತ್ತಿರ ಒಂದು ಹಲಗಿ ತಂದೆ. ಸಿಂದಗಿಯ ಮನೆಗೆ ಬರದೆ ಹಾಗೇ ಹಿಂದಿರುಗಿದೆ, ಬೈಯುತ್ತೀರೆಂದು. ಚಿಕ್ಕವನಿದ್ದಾಗ ರಜೆಗೆ ಹೋದಾಗ ಮಾವನಿಂದಲೇ ಕಲಿತಿದ್ದೆ, ಅದೂ ನಿಮಗೆ ಗೊತ್ತಿಲ್ಲ. ಮೊನ್ನೆ ಮೊದಲ ಸಲ ಬಾರಿಸಿದೆ. ಜನ ಎದ್ದು ನಿಂತುಬಿಟ್ಟರು ಅಪ್ಪ. ನೀವು ಒಮ್ಮೆ ಕೇಳಬೇಕು.

ನಿಮ್ಮ ಮಗ,
ಪ್ರೇಮ್ಯಾ


ಬಸವನ ಬಾಗೇವಾಡಿ
೨೧ ನವೆಂಬರ್ ೧೯೯೯

ಪ್ರೇಮಕುಮಾರ,

ಎರಡು ವರ್ಷದ ಮೇಲಾಯಿತು ನಾನು ಬರೆದು. ಹಲಗಿಯ ಮಾತಿದ್ದ ಪತ್ರಕ್ಕೆ ಉತ್ತರ ಕೊಡಲು ನನಗೆ ಕೈ ಬರಲಿಲ್ಲ. ಈಗ ಬರೆಯಲೇಬೇಕಾಗಿದೆ.

ಬಡ್ತಿ ಕೊಟ್ಟು ನನ್ನನ್ನು ಇಲ್ಲಿ ಮುಖ್ಯ ಮಾಸ್ತರನನ್ನಾಗಿ ಹಾಕಿದ್ದಾರೆ. ಮೊನ್ನೆ ಸಾಲಿಗೆ, ನಮ್ಮ ಮೂಲ ಊರಿನ ಬಸಂತರಾಯ ಗೌಡರ ಆಳು ಬಂದ. ಎಲ್ಲ ಮಾಸ್ತರರೂ ಚಹಾ ಕುಡಿಯುತ್ತ ಕುಳಿತಿದ್ದೆವು. ಕೈ ಮುಗಿದು ಬಹಳ ಮರ್ಯಾದೆಯಿಂದಲೇ ಮಾತಾಡಿದ. "ಗೌಡ್ರ ಮಗನ ಮದುವಿ ಐತ್ರಿ. ನಿಮ್ಮ ಹುಡುಗ ಟೀವ್ಯಾಗ ಹಲಗಿ ಬಾರಸೂದು ಗೌಡ್ರು ನೋಡ್ಯಾರ. ಭಾಳ ಖುಷಿ ಆಗ್ಯಾರ್ರಿ. ಮೆರವಣಿಗಿ ಮುಂದ ಅವನ್ನ ಕರಸ್ರಿ ಅಂದಾರ. ಮೊದಲಿಂದ ನಿಮ್ಮ ಮನಿತನದ್ದ ಹಕ್ಕ ಅಲ್ಲೇನ್ರಿ ಅದು?"

ಚಹಾದ ಕಪ್ಪು ನನ್ನ ಕೈಯಲ್ಲೇ ಇತ್ತು. ಯಾವ ಮಾಸ್ತರನೂ ತಲೆ ಎತ್ತಲಿಲ್ಲ.

ನಿನಗೆ ಕತೆಯಾಗಿ ಹೇಳಿದ್ದೆ, ನೀನು ಕತೆಯೆಂದೇ ತಿಳಿದೆ. ಎಪ್ಪತ್ತೆರಡರಲ್ಲಿ ನಮ್ಮ ಓಣಿಯ ಹಲಗಿಗಳನ್ನೆಲ್ಲ ಒಂದೆಡೆ ಒಟ್ಟಿ ಬೆಂಕಿ ಹಚ್ಚಿದೆವು. ಇನ್ನು ಯಾರ ಮದುವೆಗೂ ಯಾರ ಹೆಣಕ್ಕೂ ನಮ್ಮ ಕೈ ಬಾರಿಸುವುದಿಲ್ಲ ಎಂದು ಆಣೆ ಮಾಡಿದೆವು. ಕೊನೆಗೆ ಹಾಕಿದ್ದು ನನ್ನ ಅಪ್ಪನ ಹಲಗಿ. ಆತ ಅತ್ತ, ನಾನು ಅಳಲಿಲ್ಲ. ಮರುದಿನದಿಂದ ಗಿರಣಿಯಲ್ಲಿ ನಮ್ಮ ಜೋಳ ಬೀಸಲಿಲ್ಲ, ಅಂಗಡಿಯಲ್ಲಿ ಉಪ್ಪು ಕೊಡಲಿಲ್ಲ, ಹೊಲಕ್ಕೆ ಕೂಲಿಗೆ ಕರೆಯಲಿಲ್ಲ. ಒಂದು ವರ್ಷ ಹಾಗೇ ಕಳೆದೆವು. ಅಷ್ಟು ಕಷ್ಟಪಟ್ಟು ಮುಚ್ಚಿದ ಬಾಗಿಲನ್ನು ನೀನು ಹರಿದ ಪ್ಯಾಂಟು ಹಾಕಿಕೊಂಡು ಕುಣಿಯುತ್ತ ತೆರೆದುಬಿಟ್ಟೆ. ಆಳು ನೇರವಾಗಿ ಒಳಗೆ ಬಂದ.

ನನ್ನ ಮಗ ಬರುವುದಿಲ್ಲ ಎಂದು ಹೇಳಿ ಕಳಿಸಿದೆ. ನಿನಗೂ ಅದನ್ನೇ ಹೇಳುತ್ತಿದ್ದೇನೆ. ಹಲಗಿ ಕೆಳಗಿಡುವವರೆಗೆ ಈ ಮನೆಗೆ ಬರಬೇಡ, ಪತ್ರವನ್ನೂ ಬರೆಯಬೇಡ.

ಭೀಮಶ್ಯಾ


ಮುಂಬೈ
೪ ಡಿಸೆಂಬರ್ ೧೯೯೯

ಅಪ್ಪ,

ಬರೆಯಬೇಡ ಎಂದಿರಿ. ಇದೊಂದು ಬರೆದು ನಿಲ್ಲಿಸುತ್ತೇನೆ.

ನೀವು ಸುಟ್ಟಿದ್ದು ಗೌಡರ ಹಲಗಿ. ಅವರು ಕರೆದಾಗ ಹೋಗಬೇಕು, ಸಾಕು ಎಂದಾಗ ನಿಲ್ಲಿಸಬೇಕು. ನನ್ನದು ಆ ಹಲಗಿ ಅಲ್ಲ. ನಾನು ಬಾರಿಸುವಾಗ ಸಾಕು ಎನ್ನುವ ಗಂಡಸು ಇನ್ನೂ ಹುಟ್ಟಿಲ್ಲ.

ಅಜ್ಜ ಬಾರಿಸಿ ದಣಿದಾಗ ಮೇಲಿನಿಂದ ಬೊಗಸೆಗೆ ನೀರು ಹೊಯ್ಯುತ್ತಿದ್ದರು ಎಂದು ನೀವೇ ಹೇಳಿದ್ದಿರಿ. ಇಲ್ಲಿ ಕೊನೆಯ ಹಾಡಿಗೆ ನಾನು ಸ್ಪೀಕರುಗಳ ಮೇಲೆ ಹತ್ತುತ್ತೇನೆ. ಹಲಗಿ ಬಾರಿಸುತ್ತಲೇ ಜನರ ಮೇಲೆ ಜಿಗಿಯುತ್ತೇನೆ. ಕೆಳಗೆ ಡಬ್ಬಿ ಇಲ್ಲ, ಗಾದಿ ಇಲ್ಲ. ಕೈಗಳೇ. ಎಂಥೆಂಥ ಮನೆತನದ ಹುಡುಗರು ನನ್ನನ್ನು ಹಿಡಿಯಲು ಒಬ್ಬರನ್ನೊಬ್ಬರು ತಳ್ಳುತ್ತಾರೆ. ನನ್ನನ್ನು ಮುಟ್ಟಲು ತಳ್ಳಾಡುತ್ತಾರೆ ಅಪ್ಪ! ಇದು ನಿಮಗೆ ಕುಣಿತ.

ಗೌಡರ ಆಳಿನ ಮಾತು ನಿಮ್ಮ ಕಿವಿಯಲ್ಲಿ ಇಳಿಯಿತು. ನನ್ನ ಹಲಗಿಯನ್ನು ನೀವು ಒಮ್ಮೆಯೂ ಕೇಳಲಿಲ್ಲ. ಅವ್ವನಿಗೆ ನಾನು ಚೆನ್ನಾಗಿದ್ದೇನೆಂದು ಹೇಳಿ.

ಪ್ರೇಮಕುಮಾರ


ಮುದ್ದೇಬಿಹಾಳ
೧೧ ಜೂನ್ ೨೦೦೨

ಪ್ರೀತಿಯ ಅಣ್ಣನಿಗೆ,

ನನ್ನ ಮದುವೆಗೆ ಸೀರೆ ಬಂತು, ನೀನು ಬರಲಿಲ್ಲ. ಸೀರೆ ಚೆನ್ನಾಗಿದೆ. ಉಟ್ಟಿಲ್ಲ, ಉಡುವುದೂ ಇಲ್ಲ, ನೀನು ಬರುವತನಕ. ಸಿಟ್ಟು ಏನು ನಿಮ್ಮಿಬ್ಬರ ಆಸ್ತಿಯೇ? ನನಗೂ ಬರುತ್ತದೆ.

ಇಲ್ಲಿಯ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೇನೆ, ನಿನಗೆ ಗೊತ್ತಿರಬೇಕು. ಮೊನ್ನೆ ಸಿಂದಗಿಗೆ ಹೋಗಿದ್ದೆ. ಅಪ್ಪನವರು ನಿವೃತ್ತರಾದ ಮೇಲೆ ಪೋಸ್ಟಿನವನು ಬರುವ ಹೊತ್ತಿಗೆ ಸರಿಯಾಗಿ ಇಸ್ತ್ರಿ ಅಂಗಿ ಹಾಕಿಕೊಂಡು ಕಟ್ಟೆಯ ಮೇಲೆ ಕೂಡುತ್ತಾರೆ. ಕೇಳಿದರೆ "ಪೆನ್ಶನ್ ಕಾಗದ ಬರೂದೈತಿ" ಎನ್ನುತ್ತಾರೆ. ಪೆನ್ಶನ್ ಯಾವಾಗಲೋ ಶುರುವಾಗಿದೆ. ಅವ್ವ ನನಗೆ ಕಣ್ಣು ಹೊಡೆದು, "ಮಾಸ್ತರು ಸೋತಾರ ಯವ್ವಾ, ಖರೆ ಬಾಯಿ ಬಿಟ್ಟು ಹೇಳಂಗಿಲ್ಲ" ಎಂದಳು. ಟೀವಿಯಲ್ಲಿ ಗದ್ದಲದ ಹಾಡು ಬಂದರೆ ಮೊದಲು ಬಂದ್ ಮಾಡು ಎಂದು ಒದರುತ್ತಾರೆ. ಸ್ವಲ್ಪ ಹೊತ್ತಿಗೆ "ಯಾರ ಅದು?" ಎಂದು ಕೇಳುತ್ತಾರೆ.

ನೀನೇ ಮೊದಲು ಬರಿ. ಸಣ್ಣವನು ನೀನು.

ನಿನ್ನ ತಂಗಿ,
ಶಿವಾನಿ


ಮುಂಬೈ
೧೭ ಮಾರ್ಚ್ ೨೦೦೩

ಅಪ್ಪನವರಿಗೆ ಜೈಭೀಮ.

ಶಿವಾನಿ ಬರಿ ಎಂದು ಬರೆದಾಗ ಬರೆಯಲಿಲ್ಲ. ದೊಡ್ಡ ಕಾರ್ಯಕ್ರಮ ಒಂದಾಗಲಿ, ಪೇಪರಿನಲ್ಲಿ ಬರಲಿ, ಆಮೇಲೆ ಬರೆಯೋಣ ಎಂದುಕೊಂಡೆ. ಅದು ಆಗಲಿಲ್ಲ.

ಜನವರಿಯಲ್ಲಿ ಒಂದು ಶೂಟಿಂಗಿನಲ್ಲಿ ಕಾರು ಪಲ್ಟಿ ಹೊಡೆಸಬೇಕಿತ್ತು. ಕಾರು ಹೆಚ್ಚು ಉರುಳಿತು. ಯಾರ ತಪ್ಪೂ ಅಲ್ಲ. ಬಲಗೈ ಬಾಗಿಲಿನ ಕೆಳಗೆ ಸಿಕ್ಕಿತು. ಡಾಕ್ಟರರು ಕೈ ಉಳಿಸಿದ್ದಾರೆ, ಬೆರಳು ಮಡಚಲು ಬರುವುದಿಲ್ಲ. ಚಮಚ ಹಿಡಿಯುತ್ತೇನೆ, ಹಲಗಿಯ ಕೋಲು ಹಿಡಿಯಲಾರೆ. ಶಿವಾನಿಗೂ ತಿಳಿಸಿಲ್ಲ. ಠಿಗಳದವರು ಒಂದು ತಿಂಗಳು ಕಾದರು. ಆಮೇಲೆ ಒಬ್ಬ ಬ್ಯಾಂಕಿಗೆ ಸೇರಿದ, ಒಬ್ಬ ದುಬೈಗೆ ಹೋದ. ಸಿಟ್ಟಿನವರಿಗೂ ಮನೆ ಇರುತ್ತದೆ.

ನನಗೂ ಕೆಲಸ ಸಿಕ್ಕಿದೆ. ಅಂಧೇರಿಯಲ್ಲಿ ಒಂದು ದೊಡ್ಡ ಕಟ್ಟಡದ ಗೇಟಿನಲ್ಲಿ. ನೀಲಿ ಸಮವಸ್ತ್ರ, ದಿನಾ ಇಸ್ತ್ರಿ ಮಾಡಬೇಕು. ನಿಮಗೆ ಸಂತೋಷವಾಗಬಹುದು.

ನಿನ್ನೆ ನಾನಿರುವ ಚಾಳಿನ ಅಂಗಳದಲ್ಲಿ ಹಲಗಿ ಸುಟ್ಟೆ. ಚರ್ಮ ಬೇಗ ಹತ್ತುವುದಿಲ್ಲ, ಸೀಮೆಎಣ್ಣೆ ಹಾಕಿದೆ. ನೀವು ಹೇಳಿದ್ದೇ ಸರಿ ಅಪ್ಪ, ನೀವು ಗೆದ್ದಿರಿ. ಕೆಳಗಿಟ್ಟಿದ್ದೇನೆ. ಇನ್ನು ಮನೆಗೆ ಬರಬಹುದಲ್ಲ?

ಇದನ್ನು ಎಡಗೈಯಲ್ಲಿ ಬರೆದಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಮಾಸ್ತರರು ಕ್ಷಮಿಸಬೇಕು.

ಪ್ರೇಮ್ಯಾ


ಸಿಂದಗಿ
೧೮ ಮಾರ್ಚ್ ೨೦೦೩

ಚಿರಂಜೀವಿ ಪ್ರೇಮಕುಮಾರನಿಗೆ ಅಪ್ಪನ ಜೈಭೀಮ.

ಈ ಮಾತು ಫೋನಿನಲ್ಲಿ ಆಡುವುದಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಹೇಗೆ ಶುರು ಮಾಡಲಿ ಎಂದು ಮೂರು ತಿಂಗಳು ಯೋಚಿಸಿದೆ.

ಡಿಸೆಂಬರ್ ಆರಕ್ಕೆ ನಾನು ಮುಂಬೈಗೆ ಬಂದಿದ್ದೆ. ಬಾಬಾಸಾಹೇಬರು ತೀರಿಕೊಂಡ ದಿನ ಅವರ ಸಮಾಧಿಗೆ ಕೈಮುಗಿಯಲು ಈ ಕಡೆಯವರೆಲ್ಲ ಪ್ರತಿವರ್ಷ ದಾದರಿಗೆ ಹೋಗುತ್ತೇವಲ್ಲ, ಹಾಗೆ. ನಿನ್ನನ್ನು ನೋಡಲು ಬಂದದ್ದಲ್ಲ. ದರ್ಶನದ ಸಾಲಿನಲ್ಲಿ ನಿಂತಿದ್ದಾಗ ದೂರದಲ್ಲಿ ಹಲಗಿ ಕೇಳಿತು. ಕಾಲು ತಾನೇ ಆ ಕಡೆ ಹೋಯಿತು. ಒಂದು ಸಣ್ಣ ಸ್ಟೇಜು. ಅದರ ಮೇಲೆ ನೀನು. ಬಿಳಿ ಅಂಗಿ ತೊಟ್ಟಿದ್ದೆ, ಇಸ್ತ್ರಿ ಮಾಡಿದ್ದು. ನಾನು ಜನರ ಹಿಂದೆ, ಕಡಲೆಕಾಯಿ ಮಾರುವವನ ಪಕ್ಕ ನಿಂತೆ.

"ಬಾವಿ ಯಾರದು, ಹಗ್ಗ ಯಾರದು" ಎಂದು ಹಿಂದಿಯಲ್ಲಿ ಹಾಡುತ್ತಿದ್ದೆ. ಹಾಡು ಎನ್ನುವುದಕ್ಕಿಂತ ಬೈಗುಳ. ಆದರೆ ಕೈ! ನನ್ನ ಅಪ್ಪನಿಗಿಂತ ಗಟ್ಟಿ ಕೈ ನಿನ್ನದು. ನನ್ನ ಪಕ್ಕದಲ್ಲಿ ಲಾತೂರ ಕಡೆಯ ಮುದುಕಿಯೊಬ್ಬಳು ಸೆರಗು ಬಾಯಿಗೆ ಹಿಡಿದು ಅಳುತ್ತಿದ್ದಳು. ಅಲ್ಲಿ ಯಾವ ಗೌಡನೂ ಮಂಚದ ಮೇಲೆ ಕೂತಿರಲಿಲ್ಲ. ಎಲ್ಲರೂ ನಿಂತಿದ್ದರು, ಎಲ್ಲರೂ ನಮ್ಮವರು. ನಾನು ಬಾಗಿಲು ಮುಚ್ಚಿದ್ದೆ, ಸರಿ. ನೀನು ಆ ಬಾಗಿಲು ತೆರೆದಿರಲಿಲ್ಲ ಮಗಾ. ಗೋಡೆ ಒಡೆದು ಬೇರೆ ಹಾದಿ ಮಾಡಿದ್ದೆ. ನನಗೆ ತಿಳಿಯಲಿಲ್ಲ.

ಹಾಡು ಮುಗಿದ ಮೇಲೆ ಎದುರಿಗೆ ಬಂದು ನಿಲ್ಲಬೇಕು ಎಂದುಕೊಂಡೆ. ಏನೆಂದು ಮಾತಾಡಿಸಲಿ? ಎಲ್ಲರ ಎದುರಿಗೆ ನೀನು ಮುಖ ತಿರುವಿದರೆ? ರೈಲಿನ ಹೊತ್ತಾಯಿತು ಎಂದು ನನಗೆ ನಾನೇ ಹೇಳಿಕೊಂಡು ಹೊರಟೆ. ರೈಲಿಗೆ ಇನ್ನೂ ಬಹಳ ಹೊತ್ತಿತ್ತು. ಅಂದು ನೀನು ಜನರ ಮೇಲೆ ಜಿಗಿಯಲಿಲ್ಲ. ಅದೊಂದು ನೋಡಬೇಕಿತ್ತು.

ಏಪ್ರಿಲ್ ಹದಿನಾಲ್ಕಕ್ಕೆ ಇಲ್ಲಿ ಬಾಬಾಸಾಹೇಬರ ಜಯಂತಿ. ಹುಡುಗರು ಕಾರ್ಯಕ್ರಮಕ್ಕೆ ಯಾರನ್ನು ಕರೆಯೋಣ ಎಂದು ಕೇಳಿದರು. ನನ್ನ ಮಗನನ್ನು ಕರೆಯಿರಿ ಎಂದೆ. ಹಲಗಿಯನ್ನೇ? ಎಂದು ಬಾಯಿ ತೆರೆದರು. ಹೂಂ, ಹಲಗಿಯನ್ನೇ. ಬಸಂತರಾಯ ಗೌಡರು ಮೊನ್ನೆ ಸಂತೆಯಲ್ಲಿ ಸಿಕ್ಕಾಗ, "ಹುಡುಗ ಇನ್ನೂ ಬಾರಸ್ತಾನೇನು ಮಾಸ್ತರ?" ಎಂದರು. "ಬಾರಸ್ತಾನ್ರಿ. ನಿಮ್ಮ ಮುಂದ ಅಲ್ಲ" ಎಂದೆ.

ಹರಿದ ಪ್ಯಾಂಟು ಹಾಕಿಕೊಂಡೇ ಬಾ. ಶಮಶುದ್ದೀನನನ್ನು ನಾನು ಸಮಾಧಾನ ಮಾಡುತ್ತೇನೆ. ಮುಂದಿನ ಸಾಲಿನಲ್ಲಿ ಕೂಡುತ್ತೇನೆ.

ನಿನ್ನ ಅಪ್ಪ


ಸಿಂದಗಿ
೨೦ ಏಪ್ರಿಲ್ ೨೦೦೩

ಮಗ ಪ್ರೇಮ್ಯಾನಿಗೆ,

ನಿನ್ನ ಪತ್ರ ನನ್ನ ಕೈಗೆ, ನನ್ನ ಪತ್ರ ನಿನ್ನ ಕೈಗೆ ಒಂದೇ ಹೊತ್ತಿಗೆ ಮುಟ್ಟಿರಬೇಕು. ಡಿಸೆಂಬರಿನಲ್ಲಿ ಆಡಬೇಕಾದ ಮಾತನ್ನು ಮಾರ್ಚಿನಲ್ಲಿ ಬರೆದೆ. ಆ ನಡುವೆ ಜನವರಿ ಇತ್ತು. ಅದಕ್ಕೆ ಏನು ಹೇಳಲಿ?

ಗೆದ್ದಿರಿ ಎಂದು ಬರೆದಿದ್ದೀ. ಆ ಮಾತು ನಿನ್ನ ಬಾಯಿಂದ ಬರಲಿ ಎಂದು ಎಷ್ಟು ವರ್ಷ ಕಾದಿದ್ದೆ ಗೊತ್ತೇ? ಬಂದ ದಿನ ರೊಟ್ಟಿ ತಾಟಿನಲ್ಲೇ ಬಿಟ್ಟು ಎದ್ದೆ. ಹಲಗಿಯನ್ನು ನಾನು ಬಿಟ್ಟೆ. ನಿನ್ನ ಕೈಯಿಂದ ಅದು ಕಿತ್ತುಹೋಯಿತು. ಇವೆರಡೂ ಒಂದೇ ಅಲ್ಲ. ಬಲಗೈ ಹೋದರೇನು ಎಡಗೈ ಇದೆ ಎಂದು ಬರೆಯಬಹುದು, ಬರೆಯುವುದಿಲ್ಲ. ಅದು ಮಾಸ್ತರಿಕೆಯ ಮಾತು. ಶಿವಾನಿ ಇವತ್ತು ಮುಂಬೈಗೆ ಹೊರಟಿದ್ದಾಳೆ. ನಿನ್ನ ಕೈಯನ್ನು ಅವಳಿಗೆ ತೋರಿಸು, ಅವಳ ಜೊತೆಗೇ ಇಲ್ಲಿಗೆ ಬಾ.

ಜಯಂತಿಯ ದಿನದ್ದು ಬೇರೆ ಯಾರಾದರೂ ಹೇಳುವ ಮೊದಲು ನಾನೇ ಹೇಳಬೇಕು. ನಿನ್ನ ಪತ್ರ ಬರುವ ಮೊದಲೇ ಹುಡುಗರು ನಿನ್ನ ಹೆಸರು ಬಟ್ಟೆಯ ಮೇಲೆ ಬರೆಸಿ ಕಟ್ಟಿಬಿಟ್ಟಿದ್ದರು. ನಿಮ್ಮ ಮಗ ಯಾಕೆ ಬರಲಿಲ್ಲ ಎಂದು ಜನ ಕೇಳತೊಡಗಿದರು, ಮೈಕು ನನ್ನ ಕೈಗೆ ಕೊಟ್ಟರು. ಎಲ್ಲವನ್ನೂ ಹೇಳಬೇಕೆಂದೇ ನಿಂತೆ. ನಮ್ಮೂರಿನಿಂದ ಬಂದ ಮುದುಕರು, ಅಂದು ನನ್ನ ಜೊತೆ ನಿಂತು ಬೆಂಕಿ ಹಚ್ಚಿದವರು, ಮುಂದೆಯೇ ಕುಳಿತಿದ್ದರು. "ನನ್ನ ಮಗ ಬರಲಿಲ್ಲ. ಅವನು ತನ್ನ ಹಲಗಿ ಸುಟ್ಟಿದ್ದಾನೆ" ಎಂದೆ. ನಿನ್ನ ಕೈಯ ಮಾತು ಇನ್ನೂ ಹೇಳುವುದಿತ್ತು. ಅಷ್ಟರಲ್ಲಿ ಚಪ್ಪಾಳೆ ಬಿತ್ತು. ಮುದುಕರು ಎದ್ದು ನಿಂತರು. ಮರೆವ್ವ, ಆಗ ನಮ್ಮ ಜೊತೆ ವರ್ಷಪೂರ್ತಿ ಉಪ್ಪಿಲ್ಲದೆ ಉಂಡವಳು, ಸ್ಟೇಜಿಗೆ ಹತ್ತಿ ಬಂದು, "ಮಗನ್ನ ಹಡದ್ರ ಹಿಂಗ ಹಡೀಬೇಕು ನೋಡಪಾ" ಎಂದು ನನ್ನ ಗದ್ದ ಹಿಡಿದಳು. ಬಾಬಾಸಾಹೇಬರಿಗೆಂದು ತಂದಿದ್ದ ಹಾರಗಳಲ್ಲಿ ಒಂದನ್ನು ನನ್ನ ಕೊರಳಿಗೆ ಹಾಕಿದರು.

ಮೈಕು ಮತ್ತೆ ಕೇಳಿದೆ. "ಸಾಕ್ರಿ ಮಾಸ್ತರ, ಇದಕ್ಕಿಂತ ದೊಡ್ಡ ಮಾತು ಇನ್ನೇನೈತಿ" ಎಂದರು. ನಾನು ಜಗ್ಗಿ ಕಿತ್ತುಕೊಳ್ಳಬಹುದಿತ್ತು. ಕಿತ್ತುಕೊಳ್ಳಲಿಲ್ಲ. ಕೊರಳಲ್ಲಿ ಹಾರ ಹಾಕಿಕೊಂಡು ಕುಳಿತೆ.

ಮನೆಗೆ ಬಂದಮೇಲೆ ನಿನ್ನ ಅವ್ವ ಹಾರವನ್ನು ನನ್ನ ಕೊರಳಿಂದ ತೆಗೆದಳು. ಅದನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತು, "ಇದನ್ನ ಯಾರಿಗೆ ಹಾಕ್ಲಿ?" ಎಂದು ಕೇಳಿದಳು.



ನಿನ್ನ ಅಪ್ಪ,
ಭೀಮಶ್ಯಾ